ನೇರಳೆ ಮುಚ್ಚಳದ ಟ್ಯೂಬಿನ ಮುಂದೆ ಬೆಳ್ಳುಳ್ಳಿ ರಸ

ಬಳ್ಳಾರಿ, ಕೊಪ್ಪಳದ ಸಣ್ಣ ಲ್ಯಾಬುಗಳಲ್ಲಿ ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಗೆ ದಿನಾ ಬಳಕೆಯಾಗುವುದು ನೇರಳೆ ಮುಚ್ಚಳದ, 2 ಮಿಲಿ ಗೆರೆಯ ಇಡಿಟಿಎ ಟ್ಯೂಬು. ಇಡಿಟಿಎ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ. ಅದರ ಜಾಗಕ್ಕೆ ಬೆಳ್ಳುಳ್ಳಿ, ನಿಂಬೆಯಂಥ ಸಸ್ಯರಸ ಬಂದೀತೇ? ಪ್ರಾಕ್ಟಿಕಲ್ ಪಾಠಕ್ಕೆ ಧಾರಾಳವಾಗಿ ಬಳಸಿ, ರೋಗಿಯ ರಿಪೋರ್ಟಿಗೆ ಬೇಡ.

ಇಡಿಟಿಎ ರಕ್ತದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ, ಅದಿಲ್ಲದೆ ರಕ್ತ ಹೆಪ್ಪುಗಟ್ಟದು. ಪ್ರಮಾಣವೂ ಗೊತ್ತಿದ್ದದ್ದೇ: ಮಿಲಿ ರಕ್ತಕ್ಕೆ 1.5ರಿಂದ 2.2 ಮಿಗ್ರಾಂ. ಬೆಳ್ಳುಳ್ಳಿಯದು ಬೇರೆ ದಾರಿ. ಜಜ್ಜಿದಾಗ ಹುಟ್ಟುವ ಅಲಿಸಿನ್, ಅದರಿಂದಾಗುವ ಅಜೋಯಿನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ಆದರೆ ಹೆಪ್ಪಿನ ಬಲೆಯಾಗುವ ಫೈಬ್ರಿನ್ ಎಳೆ ಕಟ್ಟುವುದು ಅಷ್ಟಕ್ಕೇ ನಿಲ್ಲುವುದಿಲ್ಲ. ಟ್ಯೂಬು ನೀರಾಗಿ ಕಂಡರೂ ಮರದ ಕಡ್ಡಿ ಆಡಿಸಿ ಎತ್ತಿದರೆ ತುದಿಗೆ ಸಣ್ಣ ಗಂಟು ನೇತಾಡೀತು. ಆ ಗಂಟು ಪ್ಲೇಟ್‌ಲೆಟ್‌ಗಳನ್ನು ನುಂಗಿರುತ್ತದೆ, ಕೌಂಟು ಸುಳ್ಳೇ ಇಳಿಯುತ್ತದೆ. ಡೆಂಗಿ ಸೀಸನ್ನಿನಲ್ಲಿ ಇಂಥ ರಿಪೋರ್ಟು ಕೊಟ್ಟರೆ ಮನೆಯವರ ಗತಿ ಏನು?

ನಿಂಬೆಯಲ್ಲಿ ಸಿಟ್ರಿಕ್ ಆಮ್ಲವಿದೆ, ಕ್ಯಾಲ್ಸಿಯಂ ಹಿಡಿಯುತ್ತದೆ ನಿಜ. ಆದರೆ ಹುಳಿ ಜಾಸ್ತಿ. ಕೆಂಪುಕಣ ಒಡೆದು ರಕ್ತ, ಹಿಮೋಗ್ಲೋಬಿನ್ ಅಳೆಯಲು ಆಮ್ಲ ಬೆರೆಸುವ ಸಾಹ್ಲಿ ಟ್ಯೂಬಿನ ಹಾಗೆ ಕಂದಾಗುತ್ತದೆ. ಅಂಟುವಾಳದಂಥ ನೊರೆ ಬರುವ ಕಾಯಿಯಂತೂ ಸಪೋನಿನ್‌ನಿಂದ ಕಣಗಳನ್ನೇ ಕರಗಿಸುತ್ತದೆ. ಇನ್ನು ಗಿಡದಿಂದಲೇ ಬಂದ, ಹೆಪ್ಪು ತಡೆಯುವ ಡೈಕೌಮರಾಲ್ ಹೆಸರು ಹೇಳುವವರಿಗೆ ಒಂದು ಮಾತು: ಅದು ಲಿವರಿನಲ್ಲಿ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಬರುತ್ತದೆ, ಸಿರಿಂಜಿನಿಂದ ಹೊರಬಂದ ರಕ್ತಕ್ಕೆ ಏನೂ ಮಾಡದು.

ತೋರಿಸಿ ಕಲಿಸುವುದಾದರೆ: 5 ಗ್ರಾಂ ಬೆಳ್ಳುಳ್ಳಿ ಜಜ್ಜಿ 10 ನಿಮಿಷ ಬಿಡಿ, ಕುದಿಸಬೇಡಿ. 10 ಮಿಲಿ ನಾರ್ಮಲ್ ಸಲೈನಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಫಿಲ್ಟರ್ ಪೇಪರಿನಲ್ಲಿ. ಬರೀ ನೀರು ಹಾಕಿದರೆ ಕಣ ಉಬ್ಬಿ ಒಡೆಯುತ್ತವೆ. 1 ಮಿಲಿ ರಕ್ತಕ್ಕೆ 0.2 ಮಿಲಿ ರಸ. ಪಕ್ಕದ ಟ್ಯೂಬಿಗೆ ಅಷ್ಟೇ ಸಲೈನ್, ಮೂರನೆಯದು ಇಡಿಟಿಎ. ಸಲೈನ್ ಟ್ಯೂಬು ಇಲ್ಲದಿದ್ದರೆ ತಡೆದದ್ದು ರಸವೋ, ಬರೀ ತೆಳುವಾದದ್ದೋ ಹೇಳಲಾಗದು. ತೆಳುವಾಗುವುದೂ ಸಣ್ಣದಲ್ಲ, 12 ಗ್ರಾಂ ಹಿಮೋಗ್ಲೋಬಿನ್ 10 ಎಂದು ಓದಿಸುತ್ತದೆ. ಇವತ್ತಿನ ಗಡ್ಡೆಯ ರಸ ನಾಳೆಯದರಂತೆ ಇರುವುದಿಲ್ಲ ಎಂಬುದು ಬೇರೆ ಮಾತು.

ಹಾಗೆಂದು ಇಡಿಟಿಎ ಟ್ಯೂಬೂ ಕೈಬಿಟ್ಟರೆ ಓಡುವ ಗಾಡಿಯಲ್ಲ. ಒಂದು ಮಿಲಿ ಮಾತ್ರ ಹಾಕಿದರೆ ಇಡಿಟಿಎ ಎರಡರಷ್ಟಾಗಿ ಕಣ ಕುಗ್ಗಿ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಕೆಳಗಿಳಿಯುತ್ತದೆ. ಗೆರೆ ದಾಟಿದರೆ ಗಂಟು. ತುಂಬಿದ ಕೂಡಲೇ 8–10 ಸಲ ನಿಧಾನ ತಲೆಕೆಳಗು ಮಾಡಬೇಕು, ಜೋರಾಗಿ ಕುಲುಕಬಾರದು. ಸ್ಲೈಡಿನ ಮೇಲಿನ ತೆಳು ರಕ್ತದ ಪದರ, ಅಂದರೆ ಸ್ಮಿಯರ್, ಎರಡು ಗಂಟೆಯೊಳಗೆ ಎಳೆದುಬಿಡಿ. ಈ ಟ್ಯೂಬಿನಿಂದ ಕ್ಯಾಲ್ಸಿಯಂ, ಪೊಟ್ಯಾಶಿಯಂ ಮಾಡಲೇಬಾರದು, ಹೆಪ್ಪುಗಟ್ಟುವ ಸಮಯ ನೋಡುವ ಪಿಟಿ ಪರೀಕ್ಷೆಗೆ 3.2% ಸಿಟ್ರೇಟಿನ ನೀಲಿ ಮುಚ್ಚಳವೇ ಬೇಕು, 9 ಪಾಲು ರಕ್ತಕ್ಕೆ 1 ಪಾಲು.

ರಾಯಚೂರಿನ ಬೇಸಿಗೆಗೆ ಇಡಿಟಿಎಯ ಪೊಟ್ಯಾಶಿಯಂ ಲವಣಗಳಾದ ಕೆ2, ಕೆ3 ಪೈಕಿ ಟ್ಯೂಬಿನ ಒಳಗೋಡೆಗೆ ಒಣಗಿಸಿ ಅಂಟಿಸಿದ ಕೆ2 ಟ್ಯೂಬು ಮೇಲು, ಕೆ3 ದ್ರವ ಬಿಸಿಲಿಗೆ ಆರುತ್ತದೆ. ಡಬ್ಬಿಯ ಎಕ್ಸ್‌ಪೈರಿ ನೋಡಿ ಕೊಳ್ಳಿ, ಮೇಲ್ಛಾವಣಿಯ ಶೀಟಿನ ಕೆಳಗೆ ಮಾತ್ರ ಇಡಬೇಡಿ.