ಕರುವಿನ ವೈರಸ್ ಭೇದಿ: ಓಆರ್‌ಎಸ್, ಕರುಗಳ ಪುಡಿ, ಡ್ರಿಪ್

ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಕರುಗಳನ್ನು ಕಾಡುವ ರೋಟಾವೈರಸ್, ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಬೆರಳಿನಂತಹ ಚಾಚುಗಳ ತುದಿಯ ಕೋಶಗಳನ್ನು ನಾಶಮಾಡುತ್ತದೆ. ಅವು ಮತ್ತೆ ಬೆಳೆಯಲು ಕೆಲವು ದಿನಗಳು ಬೇಕಾಗುವುದರಿಂದ, ಅಲ್ಲಿಯವರೆಗೆ ಕರುವಿನ ಮೈಯಲ್ಲಿ ನೀರು, ಲವಣ ಮತ್ತು ಶಕ್ತಿಯನ್ನು ಉಳಿಸುವುದೇ ಚಿಕಿತ್ಸೆಯ ತಿರುಳು.

ಖರ್ಚು ಮತ್ತು ಸುಲಭತೆಯಲ್ಲಿ, ಯಾವ ಔಷಧ ಅಂಗಡಿಯಲ್ಲಾದರೂ ಸಿಗುವ ಮನುಷ್ಯರ ಓಆರ್‌ಎಸ್ ಮುಂದಿದೆ. ರಾತ್ರಿ ಭೇದಿ ಆರಂಭವಾದರೆ ತಕ್ಷಣಕ್ಕೆ ಅದನ್ನೇ ಕೊಡಬಹುದು. ಮನೆಯ ಸಕ್ಕರೆ-ಉಪ್ಪಿನ ನೀರನ್ನು ಮಾತ್ರ ದಯವಿಟ್ಟು ಕೊಡಬೇಡಿ, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿಲ್ಲ; ಅರಗದ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ.

ಪರಿಣಾಮದ ದೃಷ್ಟಿಯಿಂದ ನೋಡಿದರೆ ಕರುಗಳಿಗೆಂದೇ ತಯಾರಿಸಿದ ಎಲೆಕ್ಟ್ರೊಲೈಟ್ (ಲವಣಾಂಶಗಳ) ಪುಡಿ ಮೇಲು. ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇದ್ದರೆ, ಕರುವಿಗೆ 90ರಿಂದ 130 ಬೇಕು. ರಕ್ತದ ಆಮ್ಲೀಯತೆಯನ್ನು ತಗ್ಗಿಸುವ ಅಂಶವೂ ಒಳ್ಳೆಯ ಪುಡಿಯಲ್ಲಿ ಹೆಚ್ಚಿರುತ್ತದೆ. ಆ ಅಂಶ ಬೈಕಾರ್ಬನೇಟ್ ಆಗಿದ್ದರೆ ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗುವುದಕ್ಕೆ ಅಡ್ಡಿಯಾಗುತ್ತದೆ, ಆದ್ದರಿಂದ ಹಾಲಿಗೂ ದ್ರಾವಣಕ್ಕೂ ಕೆಲವು ಗಂಟೆಗಳ ಅಂತರವಿರಲಿ. ಹಾಲನ್ನು ನಿಲ್ಲಿಸುವ ಹಳೆಯ ರೂಢಿಯನ್ನು ನಾನು ಒಪ್ಪಲಾರೆ: ಎಲೆಕ್ಟ್ರೊಲೈಟ್ ಎಷ್ಟು ಕುಡಿಸಿದರೂ ಕರುವಿನ ಹಸಿವು ತೀರದು, ಕರುಳು ಚೇತರಿಸಿಕೊಳ್ಳಲು ಹಾಲಿನ ಪೋಷಣೆಯೇ ಬೇಕು. ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಬಾರಿ ಕೊಡಿ.

ಕರು ಎದ್ದು ನಿಂತು ಚೀಪುತ್ತಿರುವವರೆಗೆ ಬಾಯಿಯ ಮೂಲಕ ಕೊಡುವ ದ್ರಾವಣವೇ ಸಾಕು. ಕಣ್ಣುಗಳು ಒಳಸೇರಿ, ಬಾಯಿ ತಣ್ಣಗಾಗಿ, ಬೆರಳನ್ನೂ ಚೀಪದಿದ್ದರೆ, ಎಷ್ಟೇ ದುಬಾರಿಯೆನಿಸಿದರೂ ಪಶುವೈದ್ಯರು ರಕ್ತನಾಳಕ್ಕೆ ಹಾಕುವ ಡ್ರಿಪ್‌ಗೆ ತಡಮಾಡಬಾರದು.