12 ವೋಲ್ಟ್ ಸಾಕಾ, 18 ವೋಲ್ಟ್ ಬೇಕಾ?

ಮನೆಗೊಂದು ಕಾರ್ಡ್‌ಲೆಸ್ ಡ್ರಿಲ್ ಬೇಕು ಅಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ವೋಲ್ಟ್ ಮೇಲೆ. 12 ವೋಲ್ಟಿನದು, 18 ವೋಲ್ಟಿನದು, ಎರಡನ್ನೂ ಒಂದೇ ಥರದ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ. ಮನೆ ಕೆಲಸಕ್ಕೆ ನನ್ನ ಓಟು 12ಕ್ಕೆ.

ಅಂದಹಾಗೆ, '20 ವೋಲ್ಟ್ ಮ್ಯಾಕ್ಸ್' ಅಂತ ಬರೆದಿದ್ದರೆ ಅದು 18ಕ್ಕಿಂತ ಜೋರು ಅಂದುಕೊಳ್ಳಬೇಡಿ. ಎರಡರಲ್ಲೂ 3.6 ವೋಲ್ಟಿನ ಐದು ಸೆಲ್‌ಗಳು ಸಾಲಾಗಿರುತ್ತವೆ. ಪೂರ್ತಿ ಚಾರ್ಜ್ ಆದಾಗ ಒಂದೊಂದೂ ಸುಮಾರು 4 ವೋಲ್ಟ್ ತೋರಿಸುತ್ತದೆ, ಅದೇ ಆ 20. ಹಾಗೆಯೇ 12ರ ಒಳಗಿರುವುದು ಮೂರು ಸೆಲ್.

ಪ್ಲೈವುಡ್ ಕಪಾಟಿಗೆ ಹಿಂಜ್ ಕೂರಿಸುವಾಗ 12 ಸುಲಭವಾಗಿ ಗೆದ್ದಿತು. ಮೈ ಗಿಡ್ಡ, ಕಪಾಟಿನ ಮೂಲೆಗೂ ತೂರುತ್ತದೆ. ಕೈ ಮೇಲೆತ್ತಿ ಕರ್ಟನ್ ರಾಡ್ ಹಾಕುವಾಗ ಎರಡರ ತೂಕದ ವ್ಯತ್ಯಾಸ ಭುಜಕ್ಕೇ ಗೊತ್ತಾಗುತ್ತದೆ. ಆದರೆ ಗಟ್ಟಿ ಮರದಲ್ಲಿ ಅಗಲ ತೂತು ಕೊರೆಯಲು ಹೋದರೆ 12 ಏದುಸಿರು ಬಿಡುತ್ತದೆ, ಬ್ಯಾಟರಿ ಕಾಯುತ್ತದೆ. ಅಲ್ಲಿ 18ರದ್ದೇ ದರ್ಬಾರು. ಅದರ ಚಕ್, ಅಂದರೆ ಬಿಟ್ (ಕೊರೆಯುವ ಕಡ್ಡಿ) ಕಚ್ಚಿ ಹಿಡಿಯುವ ಬಾಯಿ, ಸಾಮಾನ್ಯವಾಗಿ 13 ಮಿ.ಮೀ. ಬಿಟ್‌ವರೆಗೂ ಹಿಡಿಯುತ್ತದೆ, 12ರದ್ದು 10ಕ್ಕೇ ನಿಲ್ಲುತ್ತದೆ.

ಇಟ್ಟಿಗೆ ಗೋಡೆಗೆ ಹ್ಯಾಮರ್ ಮೋಡ್ (ತಿರುಗುತ್ತಲೇ ಪೆಟ್ಟನ್ನೂ ಕೊಡುವ ವ್ಯವಸ್ಥೆ) ಇರುವ 18 ಸಾಕು. ಕಾಂಕ್ರೀಟಿಗೆ ಎರಡೂ ಬೇಡ. ಹ್ಯಾಮರ್ ಮೋಡ್ ಇರುವ ಡ್ರಿಲ್‌ನಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಸಣ್ಣ ಪೆಟ್ಟು ಕೊಡುತ್ತವೆ, ಮಿಕ್ಕ ಬಲವೆಲ್ಲ ನಿಮ್ಮ ಕೈಯದ್ದು. ಕಾಂಕ್ರೀಟಿಗೆಂದೇ ಇರುವ ರೋಟರಿ ಹ್ಯಾಮರ್ ಎಂಬ ಯಂತ್ರದಲ್ಲಾದರೆ ಪಿಸ್ಟನ್ ಬಡಿಯುತ್ತದೆ. ಒಂದೆರಡು ತೂತಿಗಾದರೆ ಅದನ್ನು ಬಾಡಿಗೆಗೆ ತನ್ನಿ. ಟೈಲ್ಸ್ ಮೇಲೆ ಮಾತ್ರ ಹ್ಯಾಮರ್ ಮೋಡ್ ಬೇಡವೇ ಬೇಡ, ಸೀಳಿಬಿಡುತ್ತದೆ.

ಬಲ ಜಾಸ್ತಿ ಇದ್ದಷ್ಟೂ ಹುಷಾರು ಜಾಸ್ತಿ ಬೇಕು. ತಗಡಿನಲ್ಲಿ ಬಿಟ್ ಆಚೆ ಬದಿಗೆ ಬರುವ ಕ್ಷಣವೇ ಅಪಾಯದ್ದು. ಅಂಚಿಗೆ ಸಿಕ್ಕಿಕೊಂಡ ಬಿಟ್ ನಿಲ್ಲುತ್ತದೆ, ಡ್ರಿಲ್ಲೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. 12 ಆದರೆ ಕೈಯಲ್ಲಿ ತಡೆಯಬಹುದು. 18ಕ್ಕೆ ಪಕ್ಕದ ಹಿಡಿ ಇದ್ದರೆ ಹಾಕಿಕೊಳ್ಳಿ, ಕೊನೆಗೆ ಬರುವಾಗ ಒತ್ತಡ ಕಡಿಮೆ ಮಾಡಿ. ತಗಡನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪ್ ಹಾಕಿ ಬಿಗಿಯಿರಿ. ಕಣ್ಣಿನ ರಕ್ಷಣೆಯ ಕನ್ನಡಕ ಬೇಕೇ ಬೇಕು, ಗ್ಲೌಸ್ ಬೇಡ: ಅದರ ನೂಲು ಬಿಟ್‌ಗೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಬಿಟ್ ಬದಲಿಸುವಾಗ ಬ್ಯಾಟರಿ ಕಳಚಿಡಿ.

ಗೋಡೆಯಲ್ಲಿ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ವೈರ್ ಓಡಿರಬಹುದು. ಅಲ್ಲಿ ಕೊರೆಯಬೇಡಿ. ಬೇರೆ ಕಡೆ ಕೊರೆಯುವಾಗಲೂ ಮೊದಲು ಮೇನ್ ಆಫ್ ಮಾಡಿ. ಕಾರ್ಡ್‌ಲೆಸ್ ಅಂದಮೇಲೆ ಕರೆಂಟ್ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ ಅಲ್ವಾ? ಬಾತ್‌ರೂಮಿನಲ್ಲಿ ನಲ್ಲಿಯ ನೇರಕ್ಕೂ ಇದೇ ಮಾತು. ಪೈಪ್ ಎಲ್ಲಿ ಹೋಗಿದೆ ಅಂತ ಖಾತ್ರಿಯಾಗುವವರೆಗೆ ಬಿಟ್ ತಾಗಿಸಬೇಡಿ.