ಗಿನಿ ಪಿಗ್ ತಿನ್ನೋದು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ

ನಮ್ಮ ಮನೆಯಲ್ಲಿ ಎರಡು ಗಿನಿ ಪಿಗ್ ಇದ್ದವು. ಚಿನ್ನಿ, ಬೆಳ್ಳಿ. ಈಗ ಬೆಳ್ಳಿ ಒಬ್ಬಳೇ ಇದ್ದಾಳೆ. ಚಿನ್ನಿ ಹೋಗಿ ಮೂರು ವಾರ ಆಯಿತು. ನಾನು ಮಾಡಿದ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ಸಂಜೆ ಕೊತ್ತಂಬರಿ ಕವರ್ ಬಿಚ್ಚಿದೆ. ಆ ಸದ್ದಿಗೆ ಇಬ್ಬರೂ ಕೂಗುತ್ತಾ ಓಡಿ ಬಂದರು. ಚಿನ್ನಿ ಒಂದು ಕಡ್ಡಿ ಬಾಯಿಗೆ ತೆಗೆದುಕೊಂಡಳು, ಎರಡು ಸಲ ಅಗಿದಳು, ಬಿಟ್ಟಳು. ಮತ್ತೆ ಎತ್ತಿಕೊಂಡಳು, ಮತ್ತೆ ಬಿಟ್ಟಳು. ಗದ್ದದ ಕೆಳಗೆ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ನೀರು ಕುಡಿದಿರಬೇಕು ಅಂದುಕೊಂಡೆ. ಅದು ಜೊಲ್ಲು. ಓಡಿ ಬಂದಳಲ್ಲ, ಹಸಿವಿದೆ, ಹುಷಾರಾಗಿದ್ದಾಳೆ ಅಂತ ಹೋಗಿ ಮಲಗಿದೆ. ಹಸಿವಿದ್ದೂ ತಿನ್ನೋಕೆ ಆಗ್ತಿಲ್ಲ ಅನ್ನೋದು ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ನೋಡಿದರೆ ಅವಳ ಮೂಲೆಯಲ್ಲಿ ಹಿಕ್ಕೆ ಹತ್ತು ಹನ್ನೆರಡು ಇರಬಹುದು, ಅಷ್ಟೇ. ಅದೂ ಸಣ್ಣ, ಒಣಗಿದ ಕಾಳಿನ ಹಾಗೆ. ಅವಳನ್ನು ತಂದ ಅಂಗಡಿಗೆ ಫೋನ್ ಮಾಡಿದೆ. "ಬಿಸಿಲಿಗೆ ಹಂಗಾಗುತ್ತೆ ಮೇಡಂ, ಮಕ್ಕಳಿಗೆ ಕೊಡೋ ಆಂಟಿಬಯೋಟಿಕ್ ಸಿರಪ್ ಇದ್ರೆ ನಾಲ್ಕು ಹನಿ ಹಾಕಿ" ಅಂದರು. ಮಗನಿಗೆ ತಂದಿದ್ದ ಅಮಾಕ್ಸಿಸಿಲಿನ್ ಮನೆಯಲ್ಲಿತ್ತು. ಎರಡು ಹೊತ್ತು ಕೊಟ್ಟೆ.

ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಗಿನಿ ಪಿಗ್ ಹುಲ್ಲು ಅರಗಿಸಿಕೊಳ್ಳೋದು ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಗಳು, ಹಾಗೇ ಕ್ಲಿಂಡಾಮೈಸಿನ್, ಅವುಗಳನ್ನು ಕೊಂದುಬಿಡುತ್ತವೆ. ಆ ಜಾಗದಲ್ಲಿ ಕೆಟ್ಟವು ಬೆಳೆದು ವಿಷ ಬಿಡುತ್ತವೆ. ನಮಗೆ ಮಾಮೂಲಿ ಔಷಧಿ, ಅವಕ್ಕೆ ಪ್ರಾಣಕ್ಕೇ ಕುತ್ತು.

ಶನಿವಾರ ಸಂಜೆ ಹತ್ತಿರದ ಡಾಕ್ಟರ ಬಳಿ ಹೋದೆವು. ನಾಯಿ, ಹಸು ನೋಡುವವರು. ತುಟಿ ಎತ್ತಿ ಮುಂದಿನ ಹಲ್ಲು ನೋಡಿ "ಸರಿಯಾಗಿವೆ" ಅಂದರು. ಮುಂದಿನವು ಸರಿಯಾಗೇ ಇದ್ದವು. ಭಾನುವಾರ ಮೈಸೂರಿಂದ ಬೆಂಗಳೂರಿಗೆ ಕರೆದುಕೊಂಡು ಹೋದಾಗ, ಗಿನಿ ಪಿಗ್ ನೋಡಿ ಅಭ್ಯಾಸ ಇರುವ ಡಾಕ್ಟರು ಬಾಯಿಯೊಳಗೆ ಲೈಟ್ ಇರುವ ಕೊಳವೆ ಬಿಟ್ಟು ನೋಡಿದರು. ದವಡೆ ಹಲ್ಲು ಎರಡೂ ಕಡೆಯಿಂದ ಒಳಕ್ಕೆ ಬಾಗಿ ನಾಲಿಗೆ ಮೇಲೆ ಕಮಾನಿನ ಹಾಗೆ ಕೂತಿದ್ದವು. ನಾಲಿಗೆ ಆಡಿಸೋಕೇ ಜಾಗ ಇರಲಿಲ್ಲ. ಅಷ್ಟು ಹೊತ್ತಿಗೆ ಭೇದಿ ಶುರುವಾಗಿತ್ತು, ಮೈ ತಣ್ಣಗಾಗಿತ್ತು. ಬೆಳೆದ ಹಲ್ಲನ್ನು ಅರೆದು ಗಿಡ್ಡ ಮಾಡೋಕೆ ಮಂಪರು ಕೊಡಬೇಕು, ಅದನ್ನು ತಡೆಯುವ ಶಕ್ತಿ ಅವಳಲ್ಲಿ ಇಲ್ಲ ಅಂದರು. ಸೋಮವಾರ ಬೆಳಗಿನ ಜಾವ ನನ್ನ ಮಡಿಲಲ್ಲೇ ಹೋದಳು.

ಈ ಪ್ರಾಣಿಗಳ ಹಲ್ಲು ಬದುಕಿರೋವರೆಗೂ ಬೆಳೆಯುತ್ತವೆ. ದಿನವಿಡೀ ಹುಲ್ಲು ಅಗಿದರೆ ಮಾತ್ರ ಸವೆಯುತ್ತವೆ. ನಾವು ಪೆಲೆಟ್ (ಅಂಗಡಿಯಲ್ಲಿ ಸಿಗೋ ಒಣ ಗುಳಿಗೆಯಂಥ ಆಹಾರ), ಸೌತೆಕಾಯಿ ಜಾಸ್ತಿ ಹಾಕುತ್ತಿದ್ದೆವು, ಒಣಹುಲ್ಲು ಕಡಿಮೆ. ಈಗ ಬೆಳ್ಳಿ ಮುಂದೆ ಟಿಮೋತಿ ಅನ್ನೋ ಒಣಹುಲ್ಲು ಯಾವಾಗಲೂ ಇರುತ್ತದೆ, ಜೊತೆಗೆ ಮಾರ್ಕೆಟ್ಟಿನಿಂದ ತಂದು ತೊಳೆದ ಗರಿಕೆ. ವಿಟಮಿನ್ ಸಿ ಕೂಡ ಅವುಗಳ ಮೈಯಲ್ಲಿ ತಯಾರಾಗುವುದಿಲ್ಲ, ನಮ್ಮ ಹಾಗೇ. ಅದು ಕಡಿಮೆಯಾದರೂ ತಿನ್ನೋದು ಬಿಡುತ್ತವೆ. ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡಿ. ಹಳೇ ಪೆಲೆಟ್ ಚೀಲವನ್ನು ನಂಬಬೇಡಿ, ಅದರಲ್ಲಿರೋ ವಿಟಮಿನ್ ಸಿ ಕೆಲವೇ ತಿಂಗಳಲ್ಲಿ ಹೋಗಿಬಿಡುತ್ತದೆ.

ಹನ್ನೆರಡು ಗಂಟೆ ಕಾಲ ಏನೂ ತಿನ್ನದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಖಾಲಿಯಾದರೆ ಕರುಳಿನ ಚಲನೆ ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ, ಆ ನೋವಿಗೆ ಇನ್ನೂ ತಿನ್ನುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿ. ಡೋಲಿನ ಹಾಗೆ ಬಿಗಿದಿದ್ದರೆ ಬಲವಂತವಾಗಿ ಏನೂ ತಿನ್ನಿಸಬೇಡಿ, ನೇರ ಆಸ್ಪತ್ರೆಗೆ ಓಡಿ. ಮೆತ್ತಗಿದ್ದರೆ, ಡಾಕ್ಟರು ಸಿಗುವವರೆಗೆ ಪೆಲೆಟ್ಟನ್ನು ಬಿಸಿನೀರಲ್ಲಿ ನೆನೆಸಿ, ಗಂಜಿಯ ಹಾಗೆ ಮಾಡಿ, ಆರಿಸಿ, ಸೂಜಿ ತೆಗೆದ 1 ಎಂಎಲ್ ಸಿರಿಂಜಿನಲ್ಲಿ ಕೊಡಿ. ಅಂಗಾತ ಮಲಗಿಸಬೇಡಿ. ಟವೆಲ್ ಸುತ್ತಿ ಮಡಿಲಲ್ಲಿ ಕೂರಿಸಿ, ಮುಂದಿನ ಹಲ್ಲಿನ ಹಿಂದಿರುವ ಸಂದಿಗೆ ಪಕ್ಕದಿಂದ ಸಿರಿಂಜ್ ಇಡಿ, ಒಂದೊಂದೇ ಹನಿ ಬಿಡಿ. ನುಂಗಿದ ಮೇಲೆ ಮುಂದಿನದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ವಾರದಲ್ಲಿ 50 ಗ್ರಾಂ ಇಳಿದರೂ ಎಚ್ಚರವಾಗಬೇಕು. ಹಲ್ಲು ಒಂದೇ ರಾತ್ರಿಯಲ್ಲಿ ಹಾಗೆ ಬೆಳೆದಿರುವುದಿಲ್ಲ ಅಲ್ವಾ? ತೂಗಿದ್ದರೆ ನನಗೆ ಮೊದಲೇ ಗೊತ್ತಾಗುತ್ತಿತ್ತು.

ನಿಮ್ಮದು ಈಗ ಹುಷಾರಾಗಿದ್ದರೆ ಈಗಲೇ ಡಾಕ್ಟರನ್ನು ಹುಡುಕಿಟ್ಟುಕೊಳ್ಳಿ. ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ. ಗಿನಿ ಪಿಗ್‌ನ ದವಡೆ ಹಲ್ಲು ನೋಡುತ್ತೀರಾ? ಯಾವ ಆಂಟಿಬಯೋಟಿಕ್ ಅದಕ್ಕೆ ಕೊಡಬಾರದು? ಎರಡನೆಯದಕ್ಕೆ ತಡವರಿಸಿದರೆ ಬೇರೆಯವರನ್ನು ಹುಡುಕಿ.